ಸಭೆಯಲ್ಲೇ ನಡಾವಳಿ ಬರೆಯಿರಿ: ಪಿಡಿಒ ಆಗಿ ನನ್ನ ಅನುಭವ

ನಾನು ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ. ಬಯಲುಸೀಮೆಯ ಒಂದು ಗ್ರಾಮ ಪಂಚಾಯತಿಯಲ್ಲಿ ನಾಲ್ಕು ವರ್ಷ ಇದ್ದೆ. ಒಂಬತ್ತು ಹಳ್ಳಿ, 16 ಸದಸ್ಯರು. ಕೊಳವೆ ಬಾವಿಗಳನ್ನು ಬಿಟ್ಟರೆ ಕುಡಿಯುವ ನೀರಿಗೆ ಬೇರೆ ದಾರಿ ಇರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ನನಗೆ ಫೋನ್ ಮಾಡಿದರೆ ಇ-ಸ್ವತ್ತು, ಪಂಚತಂತ್ರ ಅಂತ ಆಸ್ತಿ ದಾಖಲೆ, ಲೆಕ್ಕಪತ್ರದ ಕಂಪ್ಯೂಟರ್ ತಂತ್ರಾಂಶಗಳ ಬಗ್ಗೆಯೇ ಕೇಳುತ್ತಾರೆ. ಅವನ್ನು ಪಕ್ಕದ ಪಂಚಾಯತಿಯ ಆಪರೇಟರ್ ಕೂಡ ಹೇಳಿಕೊಡುತ್ತಾರೆ. ಸಭೆ ನಡೆಸೋದನ್ನ ಮಾತ್ರ ಯಾರೂ ಹೇಳಿಕೊಡಲ್ಲ.

ನಾನು ಅದನ್ನು ಕಲಿತದ್ದು ಒಂದು ಮೋಟರ್‌ನಿಂದ. ಸೇರಿದ ಮೂರನೇ ತಿಂಗಳಲ್ಲೇ ಒಂದು ಹಳ್ಳಿಯ ಮೋಟರ್ ಸುಟ್ಟುಹೋಯಿತು. ಸಭೆಯಲ್ಲಿ ಎಲ್ಲರೂ "ಮಾಡಿಸಿ ಮೇಡಂ, ಜನ ಬೈತಾವ್ರೆ" ಅಂದರು. ಮಾಡಿಸಿದೆ. ಮೋಟರ್ ಎತ್ತಿದಾಗ ಕೇಬಲ್ಲೂ ಹೋಗಿದೆ ಅಂತ ಗೊತ್ತಾಯಿತು, ಅದನ್ನೂ ಹಾಕಿಸಿದೆ. ನೀರು ಬಂತು. ನಡಾವಳಿ, ಅಂದರೆ ಸಭೆಯ ತೀರ್ಮಾನಗಳ ದಾಖಲೆ, ಬರೆದದ್ದು ಮಾತ್ರ ಹತ್ತು ದಿನ ಬಿಟ್ಟು, ನೆನಪಿನ ಮೇಲೆ. "ಮೋಟರ್ ದುರಸ್ತಿಗೆ ಸಭೆ ಒಪ್ಪಿತು" ಅಂತ ಒಂದೇ ಸಾಲು. ಮೊತ್ತ ಇಲ್ಲ, ಕೇಬಲ್ ಇಲ್ಲ, ಯಾವ ಖಾತೆಯಿಂದ ಕೊಡೋದು ಅಂತ ಇಲ್ಲ.

ಮುಂದಿನ ಸಭೆಗೆ ಬಿಲ್ ಬಂದಾಗ ಮೂವರು ಸದಸ್ಯರು ಎದ್ದು ನಿಂತರು. ಕೇಬಲ್‌ಗೆ ನಾವು ಒಪ್ಪಿಲ್ಲ ಅಂದರು. ಅವರು ಹೇಳಿದ್ದು ಸರಿ, ಒಪ್ಪಿದ ದಾಖಲೆ ಎಲ್ಲೂ ಇರಲಿಲ್ಲ. ಮೆಕ್ಯಾನಿಕ್ ದುಡ್ಡಿಗಾಗಿ ಐದು ಸಲ ಆಫೀಸಿಗೆ ಬಂದರು. ಬೇಸಿಗೆಯಲ್ಲಿ ರಾತ್ರಿ ಹನ್ನೊಂದಕ್ಕೆ ಕರೆದರೂ ಬರುತ್ತಿದ್ದ ಮನುಷ್ಯ. ಅವರ ಮುಖ ನೋಡೋಕೆ ಆಗಲಿಲ್ಲ ನನಗೆ. ವರ್ಷ ಕಳೆದ ಮೇಲೆ ಅದೇ ಬಿಲ್ಲಿಗೆ ಆಡಿಟ್ ಆಕ್ಷೇಪಣೆಯೂ ಬಂತು.

ಆಮೇಲೆ ಪದ್ಧತಿ ಬದಲಾಯಿಸಿದೆ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಎರಡು ತಿಂಗಳಿಗೊಮ್ಮೆಯಾದರೂ ಸಾಮಾನ್ಯ ಸಭೆ ಆಗಲೇಬೇಕು, ಏಳು ದಿನ ಮೊದಲೇ ನೋಟಿಸ್ ಹೋಗಬೇಕು. ನಾನು ಅಧ್ಯಕ್ಷರ ಹತ್ತಿರ ಮಾತಾಡಿ ತಿಂಗಳಿಗೊಂದು ಸಭೆ ಇಡಿಸಿದೆ. ಎರಡು ತಿಂಗಳು ಬಿಟ್ಟರೆ ವಿಷಯ ಜಾಸ್ತಿ ಆಗುತ್ತೆ, ಮಧ್ಯಾಹ್ನ ಊಟದ ಹೊತ್ತಿಗೆ ಅರ್ಧ ಜನ ಎದ್ದು ಹೋಗುತ್ತಾರೆ. ನೋಟಿಸಿನ ಜೊತೆ ಅಜೆಂಡಾ ಕಳಿಸುವಾಗ ಪ್ರತಿ ವಿಷಯದ ಮುಂದೆ ಅಂದಾಜು ಮೊತ್ತವನ್ನೂ ಬರೆಸಿದೆ. "ಬೀದಿ ದೀಪ ಖರೀದಿ" ಅಂತ ಬರೆದರೆ ಯಾರೂ ಓದಲ್ಲ. "40 ಎಲ್‌ಇಡಿ ದೀಪ, ಇಷ್ಟು ರೂಪಾಯಿ, ಈ ನಾಲ್ಕು ಹಳ್ಳಿಗೆ" ಅಂತ ಬರೆದರೆ ಐದನೇ ಹಳ್ಳಿಯ ಸದಸ್ಯರು ಅವತ್ತು ಸಂಜೆಯೇ ಫೋನ್ ಮಾಡುತ್ತಾರೆ. ಜಗಳ ಫೋನಿನಲ್ಲೇ ಆಗಿಹೋದರೆ ಒಳ್ಳೆಯದು, ಅಲ್ವಾ?

ಸಭೆ ನಡೆಯುತ್ತಿರುವಾಗಲೇ ಕಾರ್ಯದರ್ಶಿಯವರು ನಡಾವಳಿ ಪುಸ್ತಕದಲ್ಲಿ ಬರೆಯುತ್ತಾ ಹೋಗುತ್ತಿದ್ದರು. ಒಂದು ವಿಷಯ ಮುಗಿದ ಕೂಡಲೇ ನಾನು ಗಟ್ಟಿಯಾಗಿ ಓದುತ್ತಿದ್ದೆ. ಏನು ಕೆಲಸ, ಎಷ್ಟು ದುಡ್ಡು, ಯಾವ ಖಾತೆ, ಯಾರು ಬೇಡ ಅಂದರು. ಬೇಡ ಅಂದವರ ಹೆಸರನ್ನು ಅವರೆದುರೇ ಬರೆಯೋದು ಬಹಳ ಮುಖ್ಯ. ತಮ್ಮ ಮಾತು ಪುಸ್ತಕಕ್ಕೆ ಬಂತು ಅಂತ ಗೊತ್ತಾದರೆ ಅವರ ಸಿಟ್ಟೂ ಕಡಿಮೆಯಾಗುತ್ತೆ. ಕೊನೆಯಲ್ಲಿ ಅಲ್ಲೇ ಕೂತು ಸಹಿ. ಪುಸ್ತಕವನ್ನು ಯಾರ ಮನೆಗೂ ಸಹಿಗೆ ಕಳಿಸಲಿಲ್ಲ. ಮೊದಲ ಮೂರು ಸಭೆ ತುಂಬಾ ಹೊತ್ತು ಎಳೆಯಿತು. ನಾಲ್ಕನೆಯದು ಎರಡೂವರೆ ಗಂಟೆಯೊಳಗೆ ಮುಗಿಯಿತು.

ಒಂದು ಕರಿಹಲಗೆಯನ್ನೂ ತರಿಸಿದೆ. ಪಂಚಾಯತಿಯ ಗಲಾಟೆ ಬಹುಪಾಲು ಸಿಸಿ, ಅಂದರೆ ಕಾಂಕ್ರೀಟ್ ರಸ್ತೆಗೆ. ಕೇಂದ್ರದಿಂದ 15ನೇ ಹಣಕಾಸು ಆಯೋಗದ ದುಡ್ಡು ಬಂದಾಗ ಎಲ್ಲರಿಗೂ ತಮ್ಮ ಬೀದಿಗೆ ಸಿಸಿ ರಸ್ತೆ ಬೇಕಿತ್ತು. ಆದರೆ ಆ ದುಡ್ಡಿನಲ್ಲಿ ಶೇ. 60 ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಬಾಯಲ್ಲಿ ಹೇಳಿದರೆ ಪಿಡಿಒ ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಹಲಗೆ ಮೇಲೆ ಬಂದ ದುಡ್ಡು ಬರೆದು, ಗೆರೆ ಎಳೆದು, ಎರಡು ಭಾಗ ಮಾಡಿ ತೋರಿಸಿದೆ. ಎಡಗಡೆ ಪೈಪ್‌ಲೈನ್, ಚರಂಡಿ, ಕಸ. ಬಲಗಡೆ ಉಳಿದದ್ದೆಲ್ಲ. ಬಲಗಡೆಯ ದುಡ್ಡನ್ನು ಒಂಬತ್ತು ಹಳ್ಳಿಗೆ ಹಂಚಿದರೆ ಎಷ್ಟು ಬರುತ್ತೆ ಅಂತ ಸದಸ್ಯರೇ ಲೆಕ್ಕ ಹಾಕಿದರು. ಹಂಚಿದರೆ ಯಾರಿಗೂ ರಸ್ತೆ ಆಗಲ್ಲ, ಈ ವರ್ಷ ಎರಡು ಊರು, ಮುಂದಿನ ವರ್ಷ ಎರಡು ಊರು ಅಂತ ತೀರ್ಮಾನ ಮಾಡಿದರು. ಅದನ್ನು ಆ ಕ್ಷಣವೇ ಪುಸ್ತಕಕ್ಕೆ ಹತ್ತಿಸಿದೆವು.

ಇದೇ ಉಪಾಯ ಕಂದಾಯ ವಸೂಲಿಗೂ ಬಂತು. ಬಿಲ್ ಕಲೆಕ್ಟರ್ ಮನೆಗೆ ಹೋದಾಗ ಜನ ಕೇಳುತ್ತಿದ್ದ ಪ್ರಶ್ನೆ ಒಂದೇ: "ಮನೆ ಕಂದಾಯ 500 ಅಂತೀರಿ, ರಸೀದಿ 670ಕ್ಕೆ ಕೊಡ್ತೀರಿ, ಮಿಕ್ಕಿದ್ದು ಯಾರ ಜೇಬಿಗೆ?" ನ್ಯಾಯವಾದ ಪ್ರಶ್ನೆ. ಕಂದಾಯದ ಮೇಲೆ ಆರೋಗ್ಯ ಕರ ಶೇ. 15, ಶಿಕ್ಷಣ ಕರ ಶೇ. 10, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಸೇರುತ್ತೆ. ಅಂದರೆ 75, 50, 30, 15. ಒಟ್ಟು 170. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಆಫೀಸಿನ ಬಾಗಿಲಲ್ಲಿ, ಹಾಲಿನ ಡೈರಿ ಮುಂದೆ, ನ್ಯಾಯಬೆಲೆ ಅಂಗಡಿಯ ಗೋಡೆ ಮೇಲೆ ಹಾಕಿಸಿದೆ. ಡೈರಿ ಮುಂದೆ ಹಾಕಿದ್ದು ತುಂಬಾ ಕೆಲಸ ಮಾಡಿತು. ಬೆಳಿಗ್ಗೆ ಹಾಲು ಹಾಕಲು ಸಾಲು ನಿಂತವರೆಲ್ಲ ಅದನ್ನು ಓದುತ್ತಿದ್ದರು. ಓದಲು ಬರದವರಿಗೆ ಪಕ್ಕದವರು ಹೇಳುತ್ತಿದ್ದರು.

ಪ್ರತಿ ಸಭೆಯಲ್ಲಿ ಡಿಸಿಬಿ, ಅಂದರೆ ಬೇಡಿಕೆ, ವಸೂಲಿ, ಬಾಕಿಯನ್ನು ಹಳ್ಳಿವಾರು ಓದಿಸಿದೆ. ಬಾಕಿ ಇರುವವರ ಹೆಸರು ಓದಲಿಲ್ಲ. ಕೆಲವರು ಓದಿ ಅಂದರು, ನಾನು ಒಪ್ಪಲಿಲ್ಲ. ಬೆಳೆ ಹೋಗಿ ಕಟ್ಟಲಾಗದವರ ಹೆಸರೂ ಅದರಲ್ಲಿ ಇರುತ್ತೆ. ಊರಿನ ಹೆಸರು ಸಾಕು. ತಮ್ಮ ಊರು ಹಿಂದೆ ಬಿದ್ದಿದೆ ಅಂತ ಗೊತ್ತಾದ ಸದಸ್ಯರು ತಾವೇ ಬಿಲ್ ಕಲೆಕ್ಟರ್ ಜೊತೆ ಮನೆಮನೆಗೆ ಹೋದರು.

ಉದ್ಯೋಗ ಖಾತ್ರಿಯ ಅರ್ಜಿಗಳಿಗೂ ಹೀಗೇ ದಾಖಲೆ ಇಡಿಸಿದೆ. ಆಗ ಕೆಲಸ ಕೇಳಲು ನಮೂನೆ 6 ಎಂಬ ಅರ್ಜಿ ಇತ್ತು. ಅರ್ಜಿ ಕೊಟ್ಟ 15 ದಿನದಲ್ಲಿ ಕೆಲಸ ಕೊಡಬೇಕಿತ್ತು. ಅರ್ಜಿ ತೆಗೆದುಕೊಂಡು ದಿನಾಂಕ ಹಾಕಿದ ಸ್ವೀಕೃತಿ ಕೊಡದೇ ಇದ್ದರೆ ಆ 15 ದಿನ ಯಾವತ್ತು ಶುರುವಾಯಿತು ಅನ್ನೋದಕ್ಕೆ ಅರ್ಜಿದಾರರ ಹತ್ತಿರ ದಾಖಲೆಯೇ ಇರುತ್ತಿರಲಿಲ್ಲ. ಸ್ವೀಕೃತಿ ಕೊಡದೆ ಯಾರನ್ನೂ ಕಳಿಸಬೇಡಿ ಅಂತ ಸಿಬ್ಬಂದಿಗೆ ಹೇಳಿದ್ದೆ. ಆ ಚೀಟಿಯನ್ನು ಸೀರೆ ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದ ಅಜ್ಜಿಯರನ್ನು ನೋಡಿದ್ದೇನೆ.

ನಮ್ಮ ಅಧ್ಯಕ್ಷರ ಬಗ್ಗೆ ಹೇಳದಿದ್ದರೆ ಈ ಬರಹ ಪೂರ್ತಿಯಾಗಲ್ಲ. ಮಹಿಳಾ ಮೀಸಲಿನಲ್ಲಿ ಗೆದ್ದು ಬಂದವರು, ಏಳನೇ ಕ್ಲಾಸ್ ಓದಿದವರು. ಶುರುವಿನಲ್ಲಿ ಅವರ ಯಜಮಾನರೇ ಸಭೆಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಪಾವತಿಗೆ ಅಧ್ಯಕ್ಷರ ಮತ್ತು ಪಿಡಿಒ ಇಬ್ಬರ ಡಿಜಿಟಲ್ ಸಹಿಯೂ ಬೇಕು. ಅಧ್ಯಕ್ಷರ ಸಹಿಯ ಕೀ, ಅಂದರೆ ಕಂಪ್ಯೂಟರಿಗೆ ಹಾಕುವ ಪುಟ್ಟ ಸಾಧನ, ಯಜಮಾನರ ಜೇಬಿನಲ್ಲೇ ಇರುತ್ತಿತ್ತು. ನಾನು ಜಗಳ ಮಾಡಲಿಲ್ಲ. ಸಭೆಗೆ ಸದಸ್ಯರ ಸಂಖ್ಯೆಯಷ್ಟೇ ಕುರ್ಚಿ ಹಾಕಿಸಿದೆ. ಯಜಮಾನರಿಗೆ ನನ್ನ ಕೋಣೆಯಲ್ಲಿ ಕಾಫಿ ತರಿಸಿದೆ, "ಅಣ್ಣಾ, ಸಭೆ ಮುಗಿಯೋವರೆಗೂ ಇಲ್ಲೇ ಕೂತಿರಿ" ಅಂದೆ. ಒಳಗೆ ನಮ್ಮ ಅಧ್ಯಕ್ಷೆ ಅಕ್ಕನಿಗೆ ಪ್ರತಿ ನಿರ್ಣಯ ಓದಿ, "ಇದಕ್ಕೆ ನಿಮ್ಮ ಒಪ್ಪಿಗೆ ಇದೆಯಾ?" ಅಂತ ಕೇಳಿದೆ. ಆರೇಳು ತಿಂಗಳು ತಲೆ ಆಡಿಸಿದರು ಅಷ್ಟೇ.

ಒಂದು ದಿನ ಪೈಪ್‌ಲೈನ್ ಬಿಲ್ಲಿಗೆ ಸಹಿ ಬೇಕಿತ್ತು. ಅಕ್ಕ ತಮ್ಮ ಬ್ಯಾಗಿನಿಂದ ಕೀ ತೆಗೆದು ಮೇಜಿನ ಮೇಲಿಟ್ಟರು. ಕಂಪ್ಯೂಟರಿಗೆ ಹಾಕಲು ಕೈ ಚಾಚಿದೆ. "ಇರಿ ಮೇಡಂ, ಮೊದಲು ಪುಸ್ತಕ ತೆಗೀರಿ, ಎಷ್ಟಕ್ಕೆ ಒಪ್ಪಿದ್ವಿ ಅಂತ ನೋಡೋಣ" ಅಂದರು. ಪುಸ್ತಕ ತೆಗೆದೆ. ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಬಿಲ್ಲಿನಲ್ಲಿ 1,200 ರೂಪಾಯಿ ಜಾಸ್ತಿ ಇತ್ತು. ಬಿಲ್ ವಾಪಸ್ ಹೋಯಿತು.