ಚೊಂಗ್‌ಚಿಂಗ್‌ನಲ್ಲಿ ನೆಲ ಯಾವ ಮಹಡಿಯಲ್ಲಿದೆ?

ಮ್ಯಾಪ್ ಪ್ರಕಾರ ನಾನು ಲಾಡ್ಜ್ ಬಾಗಿಲಲ್ಲೇ ನಿಂತಿದ್ದೆ. ಕಣ್ಣಿಗೆ ಕಾಣುತ್ತಿದ್ದುದು ಮಾತ್ರ ಒಂದು ಕಬ್ಬಿಣದ ಕಟಕಟೆ, ಅದರಾಚೆ ಕತ್ತಲು. ರಾತ್ರಿ ಹತ್ತೂವರೆ, ಬೆನ್ನ ಮೇಲೆ ಹನ್ನೊಂದು ಕೆ.ಜಿ. ಬ್ಯಾಗು. ಅತ್ತ ಇತ್ತ ಮೂರು ಸಲ ನಡೆದೆ. ಕೊನೆಗೆ ಕಿತ್ತಳೆ ಮಾರುತ್ತಿದ್ದ ಒಬ್ಬ ಅಜ್ಜಿಗೆ ಫೋನಿನಲ್ಲಿದ್ದ ಚೀನೀ ವಿಳಾಸ ತೋರಿಸಿದೆ. ಅಜ್ಜಿ ಎಡಕ್ಕೂ ಕೈ ತೋರಿಸಲಿಲ್ಲ, ಬಲಕ್ಕೂ ತೋರಿಸಲಿಲ್ಲ. ಸೀದಾ ಕೆಳಕ್ಕೆ ತೋರಿಸಿದಳು. ಕಟಕಟೆ ಹಿಡಿದು ಬಗ್ಗಿ ನೋಡಿದರೆ, ಎಂಟು ಮಹಡಿ ಕೆಳಗೆ ಇನ್ನೊಂದು ರಸ್ತೆ. ಅಲ್ಲಿ ಬಸ್ಸುಗಳು ಓಡಾಡುತ್ತಿವೆ!

ಅಲ್ಲಿಗೆ ಇಳಿಯುವ ಲಿಫ್ಟ್ ಒಂದು ಬಟ್ಟೆ ಅಂಗಡಿಯ ಪಕ್ಕದಲ್ಲಿತ್ತು. ಅದನ್ನು ಹುಡುಕಲು ಇನ್ನೂ ಇಪ್ಪತ್ತು ನಿಮಿಷ ಹೋಯಿತು.

ಯಾಂಗ್‌ತ್ಸೆ ಮತ್ತು ಜಿಯಾಲಿಂಗ್ ನದಿಗಳು ಸೇರುವ ಜಾಗದಲ್ಲಿ, ಗುಡ್ಡಗಳ ಮೇಲೆ ಬೆಳೆದ ಊರು ಚೊಂಗ್‌ಚಿಂಗ್. 1997ರಲ್ಲಿ ಇದನ್ನು ಸಿಚುವಾನ್ ಪ್ರಾಂತ್ಯದಿಂದ ಬೇರೆ ಮಾಡಿ ನೇರವಾಗಿ ಕೇಂದ್ರದ ಆಡಳಿತಕ್ಕೆ ತಂದರು. ಒಟ್ಟು ಜನಸಂಖ್ಯೆ ಮೂರು ಕೋಟಿ ದಾಟುತ್ತದೆ. ಆದರೆ ಅದರಲ್ಲಿ ಹಳ್ಳಿ, ಹೊಲ, ಬೆಟ್ಟ ಎಲ್ಲ ಸೇರಿದೆ. ಹಾಗಾಗಿ "ಜಗತ್ತಿನ ಅತಿ ದೊಡ್ಡ ನಗರ" ಅಂತ ಯಾರಾದರೂ ಹೇಳಿದರೆ ಅರ್ಧ ನಂಬಿ ಸಾಕು.

ಹೊರಡುವ ಮೊದಲೇ ಮಾಡಿಕೊಂಡಿದ್ದ ಎರಡು ಕೆಲಸಗಳು ನನ್ನನ್ನು ಉಳಿಸಿದವು. ಒಂದು, ಅಲಿಪೇ ಅನ್ನುವ ಪಾವತಿ ಆ್ಯಪ್. ಮನೆಯಲ್ಲೇ ಕೂತು ಪಾಸ್‌ಪೋರ್ಟ್ ವಿವರ ಕೊಟ್ಟು, ಬ್ಯಾಂಕಿನ ವೀಸಾ ಕಾರ್ಡ್ ಜೋಡಿಸಿದ್ದೆ. ಅಲ್ಲಿ ನೂಡಲ್ಸ್ ಗಾಡಿಯಿಂದ ಹಿಡಿದು ಮೆಟ್ರೋ ತನಕ ಎಲ್ಲವೂ ಕ್ಯೂಆರ್. ನಮ್ಮ ಯುಪಿಐ ರೂಢಿ ಇದ್ದವರಿಗೆ ಹೊಸದೇನಲ್ಲ. 200 ಯುವಾನ್ ದಾಟಿದ ಬಿಲ್ಲಿಗೆ ವಿದೇಶಿ ಕಾರ್ಡ್ ಆದರೆ ಶುಲ್ಕ ಬೀಳುತ್ತದೆ, ದೊಡ್ಡ ಖರ್ಚನ್ನು ಒಂದೇ ಸಲ ಮಾಡದಿದ್ದರೆ ಆಯ್ತು. ಎರಡನೆಯದು, ರೋಮಿಂಗ್ ಇರುವ ಇ-ಸಿಮ್. ಅಲ್ಲಿಯ ವೈಫೈಯಲ್ಲಿ ವಾಟ್ಸಾಪ್, ಗೂಗಲ್ ಯಾವುದೂ ತೆರೆಯುವುದಿಲ್ಲ. ಹೊರದೇಶದ ಸಿಮ್‌ನಲ್ಲಿ ತೆರೆಯಿತು. ದಾರಿ ನೋಡಲು ಮಾತ್ರ ಗೂಗಲ್ ಬೇಡವೇ ಬೇಡ, ಅಲ್ಲಿಯದೇ ಆದ ಎಮ್ಯಾಪ್ (Amap) ಹಾಕಿಕೊಳ್ಳಿ.

ಎಷ್ಟೇ ಒಳ್ಳೆಯ ಮ್ಯಾಪ್ ಆದರೂ ಕಾಗದದ ಹಾಗೆ ಚಪ್ಪಟೆ. ಮೊದಲ ದಿನ ನಾನು "ಎಷ್ಟು ದೂರ" ಅಂತ ನೋಡುತ್ತಿದ್ದೆ. ಎರಡನೆಯ ದಿನದಿಂದ "ಎಷ್ಟು ಎತ್ತರ" ಅಂತ ಕೇಳಲು ಕಲಿತೆ. ಮುನ್ನೂರು ಮೀಟರ್ ಅಂದರೆ ಮುನ್ನೂರು ಮೆಟ್ಟಿಲೂ ಆಗಬಹುದು. ಜಿಯಾವ್‌ಚಾಂಗ್‌ಕೌ ಹತ್ತಿರ ಒಂದು ಹಳೆಯ ಸಾರ್ವಜನಿಕ ಲಿಫ್ಟ್ ಇದೆ. ಒಂದು ಯುವಾನ್ ಕೊಟ್ಟರೆ ಕೆಳಗಿನ ರಸ್ತೆಯಿಂದ ಮೇಲಿನ ರಸ್ತೆಗೆ ಬಿಡುತ್ತದೆ. ತರಕಾರಿ ಚೀಲ ಹಿಡಿದ ಹೆಂಗಸರು, ಶಾಲೆ ಮಕ್ಕಳು, ನಡುವೆ ನಾನು. ಇಲ್ಲಿ ಲಿಫ್ಟ್ ಅಂದರೆ ಊರಿನ ಬಸ್ಸಿದ್ದ ಹಾಗೆ. ಲಿಯಾಂಗ್‌ಲುಕೌನಲ್ಲಿ 112 ಮೀಟರ್ ಉದ್ದದ ಎಸ್ಕಲೇಟರ್ ಕೂಡ ಇದೆ, ಅದಕ್ಕೂ ಟಿಕೆಟ್! ಕೆಳಗೆ ನೋಡಿದರೆ ನನಗೆ ಸ್ವಲ್ಪ ತಲೆ ತಿರುಗಿತು, ಸುಳ್ಳು ಯಾಕೆ ಹೇಳಲಿ.

ಲಿಝಿಬಾ ಸ್ಟೇಷನ್‌ಗೆ ಎಲ್ಲರೂ ಹೋಗುತ್ತಾರೆ, ನಾನೂ ಹೋದೆ. ಎರಡನೇ ಲೈನಿನ ಮೋನೋರೈಲು ಅಲ್ಲಿ 19 ಮಹಡಿ ಕಟ್ಟಡದ ಹೊಟ್ಟೆಯೊಳಗೆ ನುಗ್ಗಿ ಹೊರಗೆ ಬರುತ್ತದೆ. ಕಟ್ಟಡ ಕೊರೆದು ರೈಲು ಬಿಟ್ಟರು ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ, ಎರಡನ್ನೂ ಒಟ್ಟಿಗೇ ಕಟ್ಟಿದ್ದಾರೆ. ರೈಲು ಹೊರುವ ಕಂಬಗಳೇ ಬೇರೆ, ಮನೆಗಳನ್ನು ಹೊರುವ ಕಂಬಗಳೇ ಬೇರೆ. ರೈಲಿಗೂ ರಬ್ಬರ್ ಚಕ್ರ, ಅದಕ್ಕೇ ಅಷ್ಟಾಗಿ ಅದುರುವುದಿಲ್ಲ. ಕೆಳಗೆ ನದಿ ಬದಿಯ ಕಟ್ಟೆಯಲ್ಲಿ ನೂರಾರು ಜನ ಬಾಯಿ ಅಗಲಿಸಿ ನಿಂತಿರುತ್ತಾರೆ. ರೈಲನ್ನು ನುಂಗುವ ಹಾಗೆ ಫೋಟೋ ತೆಗೆಸಿಕೊಳ್ಳಲು! ನನಗೆ ರೈಲಿಗಿಂತ ಆ ಬಾಯಿಗಳನ್ನು ನೋಡುವುದೇ ಜಾಸ್ತಿ ಮಜಾ ಕೊಟ್ಟಿತು.

ನದಿ ಬದಿಯ ಗುಡ್ಡಕ್ಕೆ ಒರಗಿಸಿ ಕಟ್ಟಿದ ಹೊಂಗ್ಯಾದೊಂಗ್ ಕಟ್ಟಡದ ಬಗ್ಗೆ ಒಂದೇ ಮಾತು. ಹನ್ನೊಂದನೇ ಮಹಡಿಯಲ್ಲೂ ರಸ್ತೆ, ಒಂದನೇ ಮಹಡಿಯಲ್ಲೂ ರಸ್ತೆ. ಒಳಗೆ ಬರೀ ಅಂಗಡಿ, ನೂಕಾಟ. ರಾತ್ರಿ ಎದುರಿನ ಚಿಯೆನ್‌ಸಿಮೆನ್ ಸೇತುವೆ ಮೇಲಿಂದ ದೀಪ ನೋಡಿ ವಾಪಸ್ ಬಂದರೆ ಸಾಕು. ಯಾಂಗ್‌ತ್ಸೆ ದಾಟುವ ಕೇಬಲ್ ಕಾರ್ ಮಾತ್ರ ಬಿಡಬೇಡಿ. 1987ರಲ್ಲಿ ಶುರುವಾಗಿದ್ದು, ಒಂದು ಕಿ.ಮೀ.ಗಿಂತ ಉದ್ದ. ಬೆಳಿಗ್ಗೆ ಎಂಟರೊಳಗೆ ಹೋದೆ, ಕ್ಯೂ ಇರಲಿಲ್ಲ. ಮಂಜಿನಲ್ಲಿ ನದಿಯೇ ಕಾಣಲಿಲ್ಲ, ಹಡಗಿನ ಶಬ್ದ ಮಾತ್ರ ಕೇಳಿಸಿತು.

ಇನ್ನು ಊಟ. ಬೆಳಿಗ್ಗೆ ಶಿಯಾವ್‌ಮಿಯೆನ್ ಅನ್ನುವ ಖಾರದ ನೂಡಲ್ಸ್, ರಸ್ತೆ ಬದಿಯ ಪ್ಲಾಸ್ಟಿಕ್ ಸ್ಟೂಲ್ ಮೇಲೆ. "ವೇ ಲಾ" ಅಂದರೆ ಕಮ್ಮಿ ಖಾರ. ಅವರ ಕಮ್ಮಿ ಖಾರಕ್ಕೇ ನನ್ನ ಕಿವಿ ಬಿಸಿಯಾಯಿತು. ಮೇಜಿನ ಮೇಲೆ ಕುದಿಯುವ ಸಾರಿಗೆ ಬೇಕಾದ್ದನ್ನು ಅದ್ದಿ ತಿನ್ನುವ ಊಟ ಹಾಟ್‌ಪಾಟ್. ಅದನ್ನು ತಿನ್ನುವ ಮುಂಚೆ ಒಂದು ವಿಷಯ ಗೊತ್ತಿರಲಿ. ಅಲ್ಲಿಯ ಕೆಂಪು ಸಾರು ದನದ ಕೊಬ್ಬಿನದು. ಸೊಪ್ಪು, ತೋಫು ಮಾತ್ರ ಅದ್ದಿ ತಿಂದರೂ ಸಸ್ಯಾಹಾರ ಆಗುವುದಿಲ್ಲ. ಬೇಡದವರು "ಚಿಂಗ್ ಯೋ" ಅಂತ ಕೇಳಬೇಕು, ಅದು ಎಣ್ಣೆಯಲ್ಲಿ ಮಾಡಿದ್ದು. ಅದರಲ್ಲೂ ಮಾಂಸದ ಸಾರು ಬೆರೆಸಿರಬಹುದು, ಕೇಳಿಯೇ ತಿನ್ನಿ.

ನಾನು ಮೀನು-ಮಾಂಸ ತಿನ್ನುವ ಕುಮಟಾ ಕಡೆಯವನು, ದನದ ಕೊಬ್ಬು ಮಾತ್ರ ಬೇಡ. ಎಣ್ಣೆಯ ಸಾರನ್ನೇ ಹೇಳಿದೆ. ಮೊದಲ ತುತ್ತಿಗೆ ಉರಿ. ಎರಡನೆಯದಕ್ಕೆ ತುಟಿ ಜುಮ್ ಅಂದಿತು. ಮೂರನೆಯದಕ್ಕೆ ನಾಲಿಗೆ ಮರಗಟ್ಟಿತು. ಅಯ್ಯೋ, ಇದು ಗೊತ್ತಿರುವ ರುಚಿ ಅಲ್ವಾ! ಸಾರಿನಿಂದ ಒಂದು ಕಾಳು ಹೆಕ್ಕಿ ನೋಡಿದೆ. ಬಾಯಿ ಬಿಟ್ಟ ಸಣ್ಣ ಕೆಂಪು ಸಿಪ್ಪೆ. ನಮ್ಮ ಕಡೆ ಬಂಗಡೆ ಸಾರಿಗೆ ಹಾಕುವ ಜುಮ್ಮನಕಾಯಿ, ಕೊಂಕಣಿಯವರ ತೆಪ್ಪಲ, ಇದರದೇ ನೆಂಟ. ಅಲ್ಲಿ ಇದಕ್ಕೆ ಹುವಾಜಿಯಾವ್ ಅನ್ನುತ್ತಾರೆ. ನಾವು ನಾಲ್ಕು ಕಾಯಿ ಜಜ್ಜಿ ಕೊನೆಗೆ ಹಾಕುತ್ತೇವೆ, ಅವರು ಹಿಡಿಗಟ್ಟಲೆ ಸುರಿಯುತ್ತಾರೆ.

ನಾಲ್ಕನೇ ದಿನ ಮಾರ್ಕೆಟ್ಟಿನಲ್ಲಿ ಒಂದು ಪೊಟ್ಟಣ ಕೊಂಡೆ. ಮನೆಗೆ ಬಂದು ಅಮ್ಮನಿಗೆ ಕೊಟ್ಟೆ. ಅವಳು ಮೂಸಿ ನೋಡಿದಳು, ಒಂದನ್ನು ಹಲ್ಲಿನಲ್ಲಿ ಕಚ್ಚಿದಳು, ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಜುಮ್ ಅನ್ನೋದು ಸರಿ ಇದೆ. ನಮ್ದರ ಪರಿಮಳ ಇಲ್ಲ," ಅಂದು ಡಬ್ಬಿಗೆ ಹಾಕಿದಳು. ಬಂಗಡೆಗೆ ಮಾತ್ರ ಇನ್ನೂ ಹಾಕಿಲ್ಲ.