ಮೆಚ್ಚಿನ ಧಾರಾವಾಹಿ ಅರ್ಧಕ್ಕೇ ನಿಂತರೆ ಏನು ಮಾಡಬೇಕು?

ಧಾರಾವಾಹಿ ನಿಲ್ಲುತ್ತದಂತೆ ಎಂಬ ಮಾತು ಮೊದಲು ಬರುವುದು ವಾಟ್ಸಾಪ್‌ನಲ್ಲಿ. ಅದನ್ನು ನಂಬಿ ಅವ್ವನ ಮುಂದೆ ಹೇಳಿಬಿಡಬೇಡಿ, ಆ ರಾತ್ರಿ ಊಟವೂ ಸೇರುವುದಿಲ್ಲ. ಮೊದಲು ಖಾತ್ರಿ ಮಾಡಿಕೊಳ್ಳಿ. ಅದೇ ಹೊತ್ತಿಗೆ ಹೊಸ ಧಾರಾವಾಹಿಯ ಪ್ರೋಮೊ ಬರುತ್ತಿದ್ದರೆ ಹಳೆಯದು ಮುಗಿಯಬಹುದು, ಇಲ್ಲವೇ ಹೊತ್ತು ಬದಲಾಗಬಹುದು. ಏಳೂವರೆಯದನ್ನು ರಾತ್ರಿ ಹತ್ತೂವರೆಗೋ ಮಧ್ಯಾಹ್ನಕ್ಕೋ ತಳ್ಳಿದರೆ ಅದಕ್ಕೆ ಹೆಚ್ಚು ದಿನವಿಲ್ಲ ಅಂತಲೇ ಲೆಕ್ಕ. ಎರಡು ವರ್ಷ ಎಳೆದ ಗುಟ್ಟು ಒಂದೇ ವಾರದಲ್ಲಿ ಬಯಲಾದರೂ ಅಷ್ಟೇ. ಕಲಾವಿದರು ಸೆಟ್‌ನಲ್ಲಿ ಕುಂಬಳಕಾಯಿ ಒಡೆದ ಫೋಟೊ ಹಾಕಿದರೆ ಮುಗಿಯಿತು. ಚಿತ್ರೀಕರಣವೇ ಕೊನೆಗೊಂಡಿರುತ್ತದೆ, ಉಳಿದಿರುವುದು ಕೈಯಲ್ಲಿರುವ ಸಂಚಿಕೆಗಳು ಮಾತ್ರ.

ನಿಲ್ಲುವುದೇಕೆ ಎಂಬುದೂ ಗೊತ್ತಿರಲಿ, ಇಲ್ಲದಿದ್ದರೆ ಸಿಟ್ಟು ಸಲ್ಲದವರ ಮೇಲೆ ಹೋಗುತ್ತದೆ. ಸಾಮಾನ್ಯವಾಗಿ ಟಿಆರ್‌ಪಿ, ಅಂದರೆ ಎಷ್ಟು ಜನ ನೋಡುತ್ತಾರೆಂಬ ಅಂಕಿ, ಇಳಿದದ್ದೇ ಕಾರಣ. ಆ ಲೆಕ್ಕ ಹಾಕುವುದು ಬಾರ್ಕ್ ಸಂಸ್ಥೆ. ದೇಶದಲ್ಲಿ 55 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇಟ್ಟಿದ್ದಾರೆ. ವಾಹಿನಿಯ ಧ್ವನಿಯೊಳಗೆ ಸೇರಿಸಿದ ಗುರುತನ್ನು ಆ ಮೀಟರ್ ಹಿಡಿಯುತ್ತದೆ. ಶನಿವಾರದಿಂದ ಶುಕ್ರವಾರದವರೆಗಿನ ಲೆಕ್ಕ ಮುಂದಿನ ಗುರುವಾರ ಬರುತ್ತದೆ. ನೀವು ಮರುದಿನ ಮೊಬೈಲ್ ಆ್ಯಪ್‌ನಲ್ಲೋ ಯೂಟ್ಯೂಬ್‌ನಲ್ಲೋ ನೋಡಿದ್ದು ಈ ಲೆಕ್ಕಕ್ಕೆ ಸೇರುವುದಿಲ್ಲ. ಮೀಟರ್ ಇಲ್ಲದ ಮನೆಯಲ್ಲಿ ದಿನವಿಡೀ ಟಿವಿ ಹಚ್ಚಿಟ್ಟರೂ ಅಂಕಿ ಏರುವುದಿಲ್ಲ. ಮೀಟರ್ ಯಾರ ಮನೆಯಲ್ಲಿದೆ ಎಂಬುದನ್ನು ಗುಟ್ಟಾಗಿಡುತ್ತಾರೆ, ಹುಡುಕಲು ಹೋಗಬೇಡಿ.

ವಾಹಿನಿಗೆ ಬರೆಯುವುದಿದ್ದರೆ ಕುಂಬಳಕಾಯಿ ಒಡೆಯುವ ಮೊದಲೇ ಬರೆಯಿರಿ. ಸೆಟ್ ಕಳಚಿ, ನಟರು ಬೇರೆ ಕಡೆ ಡೇಟ್ ಕೊಟ್ಟ ಮೇಲೆ ಸಾವಿರ ಸಹಿ ಹಾಕಿಸಿದರೂ ಉಪಯೋಗವಿಲ್ಲ. ಐದಾರು ಸಾಲು ಸಾಕು: ಧಾರಾವಾಹಿಯ ಹೆಸರು, ಹೊತ್ತು, ನಿಮ್ಮ ಊರು, ಮನೆಯಲ್ಲಿ ಎಷ್ಟು ಜನ ನೋಡುತ್ತೀರಿ, ಕೊನೆಗೆ ಒಂದೇ ಬೇಡಿಕೆ. ಆ ಬೇಡಿಕೆ ಸಣ್ಣದಿರಲಿ. ‘ನಿಲ್ಲಿಸಲೇಬೇಡಿ’ ಎಂದರೆ ಯಾರೂ ಕೇಳುವುದಿಲ್ಲ. ‘ಮಗಳಿಗೆ ತಾಯಿ ಯಾರೆಂದು ಗೊತ್ತಾಗುವುದನ್ನಾದರೂ ತೋರಿಸಿ, ಇನ್ನೊಂದು ವಾರ ಕೊಡಿ’ ಎಂದರೆ ಕೇಳುವ ಸಾಧ್ಯತೆ ತುಸು ಹೆಚ್ಚು. ಬಿಸಿಸಿಸಿಗೆ ದೂರು ಕೊಟ್ಟು ಫಲವಿಲ್ಲ, ಅದು ಪ್ರಸಾರವಾದದ್ದರಲ್ಲಿ ಆಕ್ಷೇಪವಿದ್ದರೆ ಕೇಳುವ ಮಂಡಳಿ. ನಾಯಕಿಯ ಇನ್‌ಸ್ಟಾಗ್ರಾಮ್‌ನಲ್ಲಿ ಬೈಯುವುದಂತೂ ಅನ್ಯಾಯ. ದಿನದ ಲೆಕ್ಕದಲ್ಲಿ ದುಡಿಯುವ ಕಲಾವಿದರಿಗೆ ನಿಮಗಿಂತ ದೊಡ್ಡ ಪೆಟ್ಟು ಬಿದ್ದಿರುತ್ತದೆ.

ಕತೆ ಅರ್ಧಕ್ಕೇ ಉಳಿದರೆ ಅದು ಸ್ವಂತ ಕತೆಯೋ ರೀಮೇಕೋ ನೋಡಿ. ಟೈಟಲ್ ಕಾರ್ಡ್‌ನಲ್ಲಿ ಮೂಲ ಕತೆ ಯಾರದ್ದೆಂದು ಹುಡುಕಿ. ಬಳ್ಳಾರಿ, ಸಿರುಗುಪ್ಪ, ರಾಯಚೂರು ಕಡೆ ತೆಲುಗು ತಿಳಿಯುವ ಮನೆಗಳು ಬೇಕಾದಷ್ಟಿವೆ, ಆ ಅನುಕೂಲ ಬೆಂಗಳೂರಿನ ಎಷ್ಟೋ ವೀಕ್ಷಕರಿಗಿಲ್ಲ. ‘ಪುಟ್ಟಕ್ಕನ ಮಕ್ಕಳು’ ತೆಲುಗಿನ ‘ರಾಧಮ್ಮ ಕೂತುರು’ವಿನ ರೀಮೇಕ್. ಇಂಥವುಗಳ ಮೂಲ ನೋಡಿದರೆ ಮುಂದಿನ ದಾರಿ ಸುಮಾರಾಗಿ ತಿಳಿಯುತ್ತದೆ. ಪೂರ್ತಿ ನಂಬಬೇಡಿ. ‘ಜೊತೆ ಜೊತೆಯಲಿ’ಯ ಮೂಲವಾದ ಮರಾಠಿ ಧಾರಾವಾಹಿ ವರ್ಷದೊಳಗೆ ಮುಗಿದರೆ, ಕನ್ನಡದ್ದು 2019ರಿಂದ 2023ರವರೆಗೆ ಓಡಿತು. ಅಷ್ಟು ಹಿಗ್ಗಿಸಿದಾಗ ಕತೆ ಬೇರೆ ಹಾದಿ ಹಿಡಿಯದೆ ಇರುವುದಿಲ್ಲ.

ಹಳೆಯ ಸಂಚಿಕೆಗಳಿಗೆ ಜೀ ಕನ್ನಡದ್ದಾದರೆ ಜೀ5, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದ್ದಾದರೆ ಜಿಯೋಹಾಟ್‌ಸ್ಟಾರ್, ಉದಯದ್ದಾದರೆ ಸನ್ ನೆಕ್ಸ್ಟ್ ನೋಡಿ. ಆ್ಯಪ್‌ನೊಳಗಿನ ಡೌನ್‌ಲೋಡ್ ಅವಧಿ ಮುಗಿದ ಮೇಲೆ ತೆರೆಯುವುದಿಲ್ಲ. ಸೆಟ್‌ಟಾಪ್ ಬಾಕ್ಸ್‌ನಿಂದ ಪೆನ್‌ಡ್ರೈವ್‌ಗೆ ಇಳಿಸಿಕೊಂಡದ್ದು ಸಾಮಾನ್ಯವಾಗಿ ಅದೇ ಬಾಕ್ಸ್‌ನಲ್ಲಿ ಮಾತ್ರ ಓಡುತ್ತದೆ. ಬಾಕ್ಸ್ ಬದಲಿಸುವ ಮೊದಲು ಇದು ನೆನಪಿರಲಿ.

ಕೊನೆಯ ಸಂಚಿಕೆಯನ್ನು ಒಬ್ಬರೇ ನೋಡಬೇಡಿ. ಓಣಿಯಲ್ಲಿ ಅದನ್ನೇ ನೋಡುವವರನ್ನು ಕರೆಯಿರಿ. ಎಂಟು ಜನಕ್ಕೆ ಅರ್ಧ ಕೆಜಿ ಮಂಡಕ್ಕಿಯ ವಗ್ಗರಣಿ, ತಲೆಗೆ ಎರಡು ಮಿರ್ಚಿ ಸಾಕು. ಉಳ್ಳಾಗಡ್ಡಿ, ಮೆಣಸಿನಕಾಯಿ ಮೊದಲೇ ಹುರಿದಿಟ್ಟುಕೊಂಡು, ಮಂಡಕ್ಕಿಯನ್ನು ಜಾಹೀರಾತು ಬಂದಾಗ ನೀರಲ್ಲಿ ಅದ್ದಿ ತಕ್ಷಣ ಹಿಂಡಿ. ಸಂಚಿಕೆಗೆ ಮೊದಲೇ ನೆನೆಹಾಕಿ ಟಿವಿ ಮುಂದೆ ಕೂತರೆ ಮುದ್ದೆಯಾಗುತ್ತದೆ. ಪುಟಾಣಿ ಹಿಟ್ಟು ಒಲೆ ಆರಿಸಿದ ಮೇಲೆ. ಒಂದು ಫೋನ್ ಪೂರ್ತಿ ಚಾರ್ಜ್ ಮಾಡಿಡಿ, ಕರೆಂಟ್ ಹೋಗುವುದು ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೇ.

ನಿಜವಾದ ತಾಪತ್ರಯ ಶುರುವಾಗುವುದು ಮರುದಿನ ಏಳೂವರೆಗೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ರೊಟ್ಟಿ ಬಡಿಯುವ ಹೊತ್ತು ಗೊತ್ತಾಗುವುದೇ ಧಾರಾವಾಹಿಯ ಲೆಕ್ಕದಲ್ಲಿ. ಹಿಟ್ಟು ನಾದಿ ಮುಗಿಸುವುದು ಅದು ಶುರುವಾಗುವ ಮುಂಚೆ, ಹೆಂಚು ಇಡುವುದು ಮುಗಿದ ಮೇಲೆ. ಹಾಗಾಗಿ ಮೊದಲ ಹತ್ತು ದಿನ ಆ ಅರ್ಧ ತಾಸನ್ನು ಖಾಲಿ ಬಿಡಬೇಡಿ. ಅದೇ ಹೊತ್ತಿಗೆ ತಂಗಿಗೋ ಮಗಳಿಗೋ ವಿಡಿಯೊ ಕಾಲ್ ಹಚ್ಚಿಕೊಡಿ. ಕೊಪ್ಪಳದವರು ಗವಿಮಠದ ಕಡೆ ಹೋಗಿ ಬರಬಹುದು, ಬೇಸಿಗೆಯಲ್ಲಿ ಆ ಹೊತ್ತಿಗೇ ತುಸು ತಂಪು.

ಒಂಟಿಯಾಗಿರುವ ಹಿರಿಯರಿಗೆ ಬೇಕಿದ್ದದ್ದು ಮನೆಯೊಳಗೆ ನಾಲ್ಕು ದನಿ. ಅವರ ಟಿವಿ ಆರಿಸಬೇಡಿ. ಅದೇ ವಾಹಿನಿಯ ಹೊಸ ಧಾರಾವಾಹಿಗೆ ಬಿಡಿ, ಮೊದಲ ವಾರ ಜೊತೆಗೆ ಕೂತು ಯಾರು ಯಾರಿಗೆ ಏನಾಗಬೇಕು ಎಂದು ಬಿಡಿಸಿ ಹೇಳಿ. ಬಳ್ಳಾರಿಯಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುವವರ ಮಾತು ಬೇರೆ. ಕಣ್ಣು ಹೊಲಿಗೆಯ ಮೇಲಿರುತ್ತದೆ, ಧಾರಾವಾಹಿಯನ್ನು ಅವರು ಕೇಳುವುದೇ ಹೆಚ್ಚು. ಹಿನ್ನೆಲೆ ಸಂಗೀತ ಜಾಸ್ತಿ, ಮಾತು ಕಡಿಮೆ ಇರುವ ಧಾರಾವಾಹಿ ಅವರಿಗೆ ಹಿಡಿಸುವುದಿಲ್ಲ. ಮಾತೇ ಮುಖ್ಯವಾದದ್ದನ್ನು ಹುಡುಕಿ, ಇಲ್ಲವೇ ರೇಡಿಯೊ ಹಚ್ಚಿ.

ಆ ಒಂದು ಧಾರಾವಾಹಿಗಾಗಿಯೇ ವಾಹಿನಿಗೆ ದುಡ್ಡು ಕಟ್ಟುತ್ತಿದ್ದರೆ, 2019ರಿಂದ ವಾಹಿನಿಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ನಿಮಗಿದೆ. ಮುಂದಿನ ರೀಚಾರ್ಜ್‌ಗೆ ಮೊದಲು ಕೇಬಲ್‌ನವರಿಗೆ ಹೇಳಿ ತೆಗೆಸಿ. ಮನೆಯಲ್ಲಿ ಬೇರೆ ಯಾರೂ ಅದರಲ್ಲಿ ಏನೂ ನೋಡುತ್ತಿಲ್ಲ ಎಂದು ಕೇಳಿಕೊಂಡೇ ತೆಗೆಸಿ.