ಒಂದರಿಂದ ಐದು ವರ್ಷದ ಮಗುವಿಗೆ ಎಷ್ಟು ಬಡಿಸಬೇಕು?

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನಾನು ಪಾಳಣಾಘರ, ಅಂದರೆ ಹಗಲು ಮಕ್ಕಳನ್ನು ನೋಡಿಕೊಳ್ಳುವ ಮನೆ, ನಡೆಸುತ್ತೇನೆ. ಅಪ್ಪ ಅಮ್ಮ ಇಬ್ಬರೂ ಬೆಳಗಿನ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವ ಮನೆಗಳ ಮಕ್ಕಳು ನನ್ನ ಹತ್ತಿರ ಇರುತ್ತಾರೆ. ಧಾರವಾಡ ಕಡೆಯವರು, ಉಡುಪಿ ಕಡೆಯವರು, ಮರಾಠಿ ಮನೆಯವರು, ಎಲ್ಲರೂ ಇದ್ದಾರೆ. ಸಂಜೆ ಚಪ್ಪಲಿ ಬಿಡುವ ಮೊದಲೇ ಅವರು ಕೇಳುವ ಮಾತು ಒಂದೇ: "ಕಾಕೂ, ಇವತ್ತು ಎಷ್ಟು ತಿಂದಳು?" ಡಬ್ಬಿಯಲ್ಲಿ ಅರ್ಧ ಉಳಿದಿದ್ದರೆ ಮುಖ ಸಣ್ಣದಾಗುತ್ತದೆ. ದಿನವಿಡೀ ಮಗುವಿನಿಂದ ದೂರ ಇದ್ದವರಿಗೆ ಖಾಲಿ ಡಬ್ಬಿಯೇ ಸಮಾಧಾನ, ಅದು ನನಗೆ ಅರ್ಥವಾಗುತ್ತದೆ. ಆದರೆ ಮಗುವಿಗೆ ಸಾಕಾಯಿತೋ ಇಲ್ಲವೋ ಅಂತ ಡಬ್ಬಿ ಹೇಳುವುದಿಲ್ಲ. ಎಷ್ಟು ಬೇಕು ಅನ್ನುವುದು ಮಗುವಿಗೆ ಗೊತ್ತಿರುತ್ತದೆ. ಅದನ್ನು ಹೇಳಲು ಅದಕ್ಕೆ ಅವಕಾಶ ಮಾಡಿಕೊಡುವುದು ನಮ್ಮ ಕೆಲಸ.

ಮೊದಲು ಒಂದು ವಿಷಯ ತಿಳಿದಿರಲಿ. ಹುಟ್ಟಿದಾಗ ಮೂರು ಕಿಲೋ ಇದ್ದ ಮಗು ವರ್ಷ ತುಂಬುವ ಹೊತ್ತಿಗೆ ಸುಮಾರು ಒಂಬತ್ತು ಕಿಲೋ ಆಗುತ್ತದೆ, ಅಂದರೆ ಮೂರು ಪಟ್ಟು. ಆದರೆ ಮುಂದಿನ ಇಡೀ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕಿಲೋ ಅಷ್ಟೇ. ಆಮೇಲೆ ಐದರವರೆಗೆ ವರ್ಷಕ್ಕೆ ಸುಮಾರು ಎರಡು ಕಿಲೋ. ಬೆಳವಣಿಗೆಯ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. "ಮೊದಲು ಚೆನ್ನಾಗಿ ತಿನ್ನುತ್ತಿದ್ದ, ಈಗ ಬಾಯೇ ತೆರೆಯಲ್ಲ" ಎಂದು ತಾಯಂದಿರು ಗಾಬರಿಯಾಗುವುದು ಹೆಚ್ಚಾಗಿ ಒಂದೂವರೆ ವರ್ಷದ ಆಸುಪಾಸಿನಲ್ಲೇ. ಮಗು ಆಡಿಕೊಂಡು, ಓಡಾಡಿಕೊಂಡು ಇದ್ದರೆ ಅಲ್ಲಿ ಕಾಯಿಲೆ ಹುಡುಕಬೇಡಿ.

ಈಗ ಅಳತೆಗೆ ಬರೋಣ. ಒಂದರಿಂದ ಎರಡು ವರ್ಷದ ಮಗುವಿಗೆ ಒಂದು ಹೊತ್ತಿಗೆ 250 ಮಿಲಿ ಬಟ್ಟಲಿನ ಮುಕ್ಕಾಲು ಭಾಗದಿಂದ ಪೂರ್ತಿ ಬಟ್ಟಲು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಮೂರು ನಾಲ್ಕು ಊಟ, ನಡುವೆ ಒಂದೆರಡು ಸಲ ತಿಂಡಿ. ಎದೆಹಾಲು ಎರಡು ವರ್ಷದವರೆಗೆ, ಅದಕ್ಕಿಂತ ಜಾಸ್ತಿಯೂ ಮುಂದುವರಿಯಬಹುದು. ನಿಮ್ಮ ಮನೆಯ ವಾಟಿ ಎಷ್ಟು ಹಿಡಿಯುತ್ತದೆ ಅಂತ ಒಮ್ಮೆ ಅಳತೆ ಗೆರೆ ಇರುವ ಬಾಟಲಿಯಿಂದ ನೀರು ಸುರಿದು ನೋಡಿ. ಸ್ಟೀಲಿನ ಸಣ್ಣ ವಾಟಿಯನ್ನೇ ಪೂರ್ತಿ ಬಟ್ಟಲು ಎಂದುಕೊಂಡವರೂ ಇದ್ದಾರೆ, ದೊಡ್ಡವರ ಸಾರಿನ ಬಟ್ಟಲು ತುಂಬಿಸಿ ಕಳಿಸುವವರೂ ಇದ್ದಾರೆ.

ಬಟ್ಟಲಿಗಿಂತ ಮುಖ್ಯ ಅದರೊಳಗಿನ ಊಟ ಎಷ್ಟು ಗಟ್ಟಿ ಅನ್ನುವುದು. ಈ ಮಾತನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಬೇಳೆ ಕಟ್ಟು, ಗಂಜಿ ತಿಳಿ, ನೀರಾದ ರಾಗಿ ಅಂಬಲಿ, ಇವು ಪುಟ್ಟ ಹೊಟ್ಟೆಯನ್ನು ತುಂಬಿಸುತ್ತವೆ, ಆದರೆ ಶಕ್ತಿ ಕಡಿಮೆ. ಚಮಚ ಓರೆ ಮಾಡಿದರೆ ಸುರಿದು ಹೋಗಬಾರದು, ನಿಧಾನಕ್ಕೆ ಜಾರಬೇಕು. ಖಿಚಡಿ ಅಷ್ಟು ಗಟ್ಟಿ ಇದ್ದರೆ ಸರಿ. ಮೇಲೆ ಒಂದು ಸಣ್ಣ ಚಮಚ ತುಪ್ಪ ಹಾಕಿದರೆ ಸುಮಾರು 45 ಕ್ಯಾಲೊರಿ ಸೇರುತ್ತದೆ, ಊಟ ದೊಡ್ಡದಾಗದೆ. ಕಡಿಮೆ ತಿನ್ನುವ ಮಗುವಿಗೆ ಬಟ್ಟಲು ದೊಡ್ಡದು ಮಾಡಬೇಡಿ, ಬಟ್ಟಲಲ್ಲಿರುವುದನ್ನು ಗಟ್ಟಿ ಮಾಡಿ. ಹೆಸರುಬೇಳೆ, ತುಪ್ಪ, ಚೆನ್ನಾಗಿ ಹಿಸುಕಿದ ತರಕಾರಿ, ಮೊಟ್ಟೆ ತಿನ್ನುವ ಮನೆಯಾದರೆ ಮೊಟ್ಟೆ, ನುಣ್ಣಗೆ ಅರೆದ ಶೇಂಗಾ. ಇಡೀ ಶೇಂಗಾ, ಇಡೀ ದ್ರಾಕ್ಷಿ ಮಾತ್ರ ಐದು ವರ್ಷದೊಳಗೆ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಎರಡು ದಾಟಿದ ಮೇಲೆ ನಾನು ಬಳಸುವ ಲೆಕ್ಕ ಸುಲಭ. ವಯಸ್ಸು ಎಷ್ಟೋ ಅಷ್ಟು ದೊಡ್ಡ ಚಮಚ, ಪ್ರತಿ ಪದಾರ್ಥಕ್ಕೂ. ಮೂರು ವರ್ಷದವಳಿಗೆ ಮೂರು ದೊಡ್ಡ ಚಮಚ ಅನ್ನ, ಮೂರು ಚಮಚ ತೊವ್ವೆ, ಮೂರು ಚಮಚ ಪಲ್ಯ. ಚಪಾತಿಯಾದರೆ ಅರ್ಧ. ತಟ್ಟೆಯಲ್ಲಿ ನೋಡಿದರೆ ಇದು ತುಂಬಾ ಕಡಿಮೆ ಅನ್ನಿಸುತ್ತದೆ. ಇದು ಮೊದಲ ಸಲ ಬಡಿಸುವ ಅಳತೆ, ಇಷ್ಟಕ್ಕೇ ಮುಗಿಯಬೇಕು ಅಂತಲ್ಲ. ಮುಗಿಸಿ "ಇನ್ನೂ ಬೇಕು" ಎಂದರೆ ಮತ್ತೆ ಹಾಕಿ, ಇನ್ನೊಂದು ಸಲ ಕೇಳಿದರೂ ಹಾಕಿ. ತಟ್ಟೆ ತುಂಬ ಅನ್ನ ಕಂಡ ಕೂಡಲೇ ಮುಖ ತಿರುಗಿಸುವ ಮಗು, ಸ್ವಲ್ಪ ಬಡಿಸಿದಾಗ ತಾನೇ ಕೈ ಹಾಕುವುದನ್ನು ನಾನು ದಿನವೂ ನೋಡುತ್ತೇನೆ. ಡಬ್ಬಿ ಕಟ್ಟುವಾಗಲೂ ಹಾಗೇ ಮಾಡಿ. ಮೊದಲ ಬಡಿಸುವಿಕೆ ಒಂದು ಡಬ್ಬಿಯಲ್ಲಿ, ಕೇಳಿದರೆ ಕೊಡಲು ಇನ್ನೊಂದು ಪುಟ್ಟ ಡಬ್ಬಿ ಬೇರೆ.

ಜಾಸ್ತಿ ಹಾಕಿದರೆ ಜಾಸ್ತಿ ತಿನ್ನುತ್ತಾರೆ, ಅದು ಒಳ್ಳೆಯದಲ್ವಾ ಎಂದು ಕೆಲವರು ಕೇಳುತ್ತಾರೆ. ಅಮೆರಿಕದಲ್ಲಿ ಮಕ್ಕಳ ಊಟವನ್ನು ಅಧ್ಯಯನ ಮಾಡಿದ ಲಿಯಾನ್ ಬರ್ಚ್ ಮತ್ತು ಜೊತೆಗಾರರು 2000ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಉತ್ತರ ಕೊಡುತ್ತದೆ. ಮೂರು ವರ್ಷದ ಮಕ್ಕಳಿಗೆ ಎಷ್ಟು ಬಡಿಸಿದರೂ ತಮಗೆ ಬೇಕಾದಷ್ಟೇ ತಿಂದರು. ಐದು ವರ್ಷದವರು ತಟ್ಟೆಯಲ್ಲಿ ಜಾಸ್ತಿ ಇದ್ದಾಗ ಜಾಸ್ತಿ ತಿಂದರು. ಅಂದರೆ ಹೊಟ್ಟೆಯ ಮಾತು ಕೇಳುವ ಶಕ್ತಿ ಸಣ್ಣವರಲ್ಲಿ ಇರುತ್ತದೆ, ಬೆಳೆಯುತ್ತಾ ಹೊರಗಿನದಕ್ಕೆ ಕಿವಿಗೊಡಲು ಶುರುಮಾಡುತ್ತಾರೆ. ಆ ಶಕ್ತಿಯನ್ನು ನಾವು ಬೇಗ ಕೆಡಿಸಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೊಬೈಲಿನಲ್ಲಿ ಕಾರ್ಟೂನ್ ಹಾಕಿ ತುತ್ತು ಇಡುವಾಗ ಆಗುವುದು ಇದೇ. ಬಾಯಿ ತಾನಾಗಿ ತೆರೆಯುತ್ತದೆ, ಹೊಟ್ಟೆ ತುಂಬಿದ್ದು ಮಗುವಿಗೆ ಗೊತ್ತೇ ಆಗುವುದಿಲ್ಲ. ನನ್ನಲ್ಲಿ ಊಟದ ಹೊತ್ತಿಗೆ ಪರದೆ ಇಲ್ಲ. ಹೊಸದಾಗಿ ಬಂದ ಮಕ್ಕಳು ಮೊದಲು ಹಟ ಮಾಡುತ್ತಾರೆ, ಸುತ್ತ ಕೂತವರು ಉಣ್ಣುವುದನ್ನು ನೋಡಿ ಆಮೇಲೆ ತಾವೂ ಉಣ್ಣುತ್ತಾರೆ.

ಸಾಕು ಅನ್ನುವುದನ್ನು ಮಾತು ಬಾರದ ಮಗು ಹೇಗೆ ಹೇಳುತ್ತದೆ? ತುಟಿ ಬಿಗಿಹಿಡಿಯುತ್ತದೆ, ತಲೆ ಪಕ್ಕಕ್ಕೆ ತಿರುಗಿಸುತ್ತದೆ, ಚಮಚ ತಳ್ಳುತ್ತದೆ, ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಕೂರುತ್ತದೆ, ಅನ್ನವನ್ನು ನೆಲಕ್ಕೆ ಉದುರಿಸಿ ಆಡುತ್ತದೆ. ಇದನ್ನು ಹಟ ಅನ್ನಬೇಡಿ. ಹಸಿವಿಲ್ಲವೋ, ಅಡುಗೆ ಇಷ್ಟವಿಲ್ಲವೋ ಎಂಬ ಅನುಮಾನ ಬಂದರೆ ಒಂದು ಉಪಾಯ ಇದೆ. ಮಗು ಖಂಡಿತ ತಿನ್ನುವ ಒಂದು ಪದಾರ್ಥ ಪ್ರತಿ ಊಟದಲ್ಲೂ ಇರಲಿ, ಮೊಸರನ್ನವೋ ಚಪಾತಿಯೋ. ಅದನ್ನೂ ಮುಟ್ಟದಿದ್ದರೆ ಹೊಟ್ಟೆ ತುಂಬಿದೆ. ಅದನ್ನು ತಿಂದು ಪಲ್ಯ ಬಿಟ್ಟರೆ, ಪಲ್ಯ ಹೊಸದು ಅಂತ ಅರ್ಥ. ಒಂದು ಚಮಚ ಮತ್ತೆ ಮತ್ತೆ, ಬೇರೆ ಬೇರೆ ದಿನ ಇಡಿ. ಎಷ್ಟೋ ಮಕ್ಕಳಿಗೆ ಹತ್ತು ಸಲ ಕಂಡ ಮೇಲೆ ಹಿಡಿಸುತ್ತದೆ. ಅರ್ಧ ಗಂಟೆ ಆಯಿತು ಅಂದರೆ ಸುಮ್ನೆ ತಟ್ಟೆ ಎತ್ತಿ. ಬೈಗುಳವೂ ಬೇಡ, ಬದಲಿಗೆ ಬಿಸ್ಕತ್ತೂ ಬೇಡ.

ಮುಂದಿನ ಊಟವೋ ತಿಂಡಿಯೋ ಎರಡೂವರೆ ಮೂರು ಗಂಟೆ ಬಿಟ್ಟು. ನಡುವೆ ನೀರು ಮಾತ್ರ. ಇಲ್ಲಿ ಹಾಲಿನ ವಿಷಯ ಹೇಳಲೇಬೇಕು. ನನ್ನ ಹತ್ತಿರ ಬರುತ್ತಿದ್ದ ಎರಡೂವರೆ ವರ್ಷದ ಹುಡುಗನೊಬ್ಬ ಮಧ್ಯಾಹ್ನ ಏನೂ ತಿನ್ನುತ್ತಿರಲಿಲ್ಲ. ವಿಚಾರಿಸಿದರೆ ಎದ್ದ ಕೂಡಲೇ ಒಂದು ಬಾಟಲಿ ಹಾಲು, ಮನೆ ಬಿಡುವ ಮುಂಚೆ ಇನ್ನೊಂದು, ಸಂಜೆ ಒಂದು, ಮಲಗುವಾಗ ಒಂದು. ಊಟಕ್ಕೆ ಜಾಗ ಎಲ್ಲಿಂದ ಬರಬೇಕು? ವರ್ಷ ತುಂಬಿದ ಮೇಲೆ ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಹಾಲು ಬೇಡ. ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ, ಹೊಟ್ಟೆ ಹಾಲಿನಿಂದಲೇ ತುಂಬಿದರೆ ರಕ್ತಹೀನತೆ ಬರಬಹುದು. ಅವನ ತಾಯಿ ಬಾಟಲಿ ಬಿಡಿಸಿ ಲೋಟದಲ್ಲಿ ಎರಡು ಹೊತ್ತು ಮಾತ್ರ ಕೊಡತೊಡಗಿದರು. ಕೆಲವು ದಿನದಲ್ಲೇ ಅವನು ಮಧ್ಯಾಹ್ನ ತಾನೇ ತಟ್ಟೆ ಹಿಡಿದು ಬರತೊಡಗಿದ. ಜ್ಯೂಸ್, ಬಿಸ್ಕತ್ತು, ಕುರುಕಲು ಪೊಟ್ಟಣಗಳ ವಿಷಯವೂ ಹೀಗೇ.

ಮುಂಬಯಿಯ ಮನೆಗಳಲ್ಲಿ ಇನ್ನೊಂದು ತೊಡಕು ರಾತ್ರಿ ಊಟದ್ದು. ಮಗು ನನ್ನಲ್ಲಿ ಏಳಕ್ಕೆ ಉಂಡಿರುತ್ತದೆ. ಅಪ್ಪ ಅಮ್ಮ ಗದ್ದಲದ ಗಾಡಿಯಲ್ಲಿ ನಿಂತು ಬಂದು, ಎಂಟೂವರೆಗೆ ಅಡುಗೆ ಮುಗಿಸಿ, ಮಗುವಿಗೆ ತಮ್ಮ ಕೈಯಾರೆ ಉಣ್ಣಿಸಬೇಕು ಎಂದು ಆಸೆಪಡುತ್ತಾರೆ. ಆ ಆಸೆ ನ್ಯಾಯವಾದದ್ದು. ಅದಕ್ಕೇ ನಾನು ಮಗು ಏನು ತಿಂದಿತು, ಎಷ್ಟು ಗಂಟೆಗೆ ಎಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ. ಉಂಡಿದ್ದರೆ ರಾತ್ರಿ ನಿಮ್ಮ ಪಕ್ಕ ಕೂರಿಸಿಕೊಂಡು ಪುಟ್ಟ ತಟ್ಟೆಯಲ್ಲಿ ಎರಡು ಚಪಾತಿ ಚೂರು, ಸ್ವಲ್ಪ ಪಲ್ಯ ಇಡಿ. ತಿಂದರೆ ತಿನ್ನಲಿ. ಜೊತೆಗೆ ಕೂತಿದ್ದೇ ಅದಕ್ಕೆ ಸಂತೋಷ, ಅಲ್ವಾ?

ಒಂದು ಹೊತ್ತು ಬಿಟ್ಟರೆ ಹೆದರಬೇಡಿ. ಇದೇ ಬರ್ಚ್ ಅವರು 1991ರಲ್ಲಿ ಎರಡರಿಂದ ಐದು ವರ್ಷದ ಮಕ್ಕಳನ್ನು ಗಮನಿಸಿದಾಗ, ಒಂದೊಂದು ಊಟದಲ್ಲಿ ತಿಂದದ್ದು ಸಿಕ್ಕಾಪಟ್ಟೆ ಏರುಪೇರಾಗುತ್ತಿತ್ತು, ಇಡೀ ದಿನದ ಒಟ್ಟು ಮಾತ್ರ ಹೆಚ್ಚುಕಡಿಮೆ ಒಂದೇ ಇರುತ್ತಿತ್ತು. ಬೆಳಿಗ್ಗೆ ಎರಡು ದೋಸೆ ತಿಂದ ಮಗು ಮಧ್ಯಾಹ್ನ ನಾಲ್ಕು ತುತ್ತಿಗೆ ಏಳುವುದು ಸಹಜ. ಮೇ ತಿಂಗಳ ಬೆವರಿನಲ್ಲಿ ಎಲ್ಲ ಮಕ್ಕಳೂ ಕಡಿಮೆ ಉಣ್ಣುತ್ತಾರೆ. ವಾರದ ಲೆಕ್ಕ ಇಟ್ಟುಕೊಳ್ಳಿ, ಹೊತ್ತಿನದ್ದಲ್ಲ.

ಊರಿಂದ ಅಜ್ಜಿ ಬಂದಾಗ "ಕೂಸು ಸೊರಗೇತಿ, ಏನೂ ತಿನ್ನಸೂದಿಲ್ಲೇನು?" ಎಂಬ ಮಾತು ಬಂದೇ ಬರುತ್ತದೆ. ವಾದಕ್ಕೆ ಇಳಿಯಬೇಡಿ. ಅಜ್ಜಿಗೆ ದೊಡ್ಡ ಕೆಲಸ ಒಪ್ಪಿಸಿ: ಏನು ಅಡುಗೆ, ಯಾವ ಹೊತ್ತಿಗೆ, ಪಕ್ಕದಲ್ಲಿ ಕೂತು ಕಥೆ. "ಎಷ್ಟು ಅನ್ನುವುದನ್ನು ಅವನಿಗೇ ಬಿಡೋಣ ಅತ್ತೆ" ಎಂದು ಮೆತ್ತಗೆ ಹೇಳಿ. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಕೆಲಸ ಹಂಚಿದ್ದು ಹೀಗೆಯೇ. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರದ್ದು. ಎಷ್ಟು ಅನ್ನುವುದು ಮಗುವಿನದ್ದು.

ಇಷ್ಟೆಲ್ಲ ಮಾಡಿದ ಮೇಲೂ ನಿಜವಾಗಿ ಸಾಕಾಗುತ್ತಿದೆಯೇ ಎಂದು ತಿಳಿಯಲು ತೂಕ ನೋಡಬೇಕು. ಲಸಿಕೆಯ ತಾಯಿ-ಮಗು ಕಾರ್ಡಿನಲ್ಲೇ ಬೆಳವಣಿಗೆಯ ಗೆರೆಗಳು ಇರುತ್ತವೆ. ಎರಡು ಮೂರು ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ, ಕಡಿಮೆ ಬಟ್ಟೆಯಲ್ಲಿ ತೂಗಿಸಿ ಚುಕ್ಕೆ ಇಡಿ. ಹತ್ತಿರದ ಅಂಗನವಾಡಿಯಲ್ಲೂ ತೂಗುತ್ತಾರೆ. ಈ ಗೆರೆಗಳು ವಿಶ್ವ ಆರೋಗ್ಯ ಸಂಸ್ಥೆ ಆರು ದೇಶದ ಮಕ್ಕಳನ್ನು ಅಳೆದು 2006ರಲ್ಲಿ ಹೊರತಂದವು, ಅದರಲ್ಲಿ ನಮ್ಮ ದೆಹಲಿಯ ಮಕ್ಕಳೂ ಇದ್ದರು. ಪಕ್ಕದ ಮನೆಯ ಗುಂಡುಗುಂಡಾದ ಮಗುವಿನ ಜೊತೆ ಹೋಲಿಸಬೇಡಿ. ನಿಮ್ಮ ಮಗುವಿನ ಚುಕ್ಕೆಗಳು ತನ್ನದೇ ಗೆರೆಯ ಪಕ್ಕದಲ್ಲಿ ಮೇಲೆ ಹೋಗುತ್ತಿದ್ದರೆ ಅದು ತಿನ್ನುತ್ತಿರುವುದು ಅದಕ್ಕೆ ಸಾಕು.

ಚುಕ್ಕೆ ಕೆಳಗಿನ ಗೆರೆಗೆ ಇಳಿಯುತ್ತಿದ್ದರೆ, ತೂಕ ಕಡಿಮೆಯಾದರೆ, ನುಂಗುವಾಗ ಪ್ರತಿ ಸಲ ಕೆಮ್ಮಿದರೆ, ಊಟವಾದ ಮೇಲೆ ಪದೇ ಪದೇ ವಾಂತಿಯಾದರೆ, ಮುಖ ಬಿಳುಚಿದ್ದರೆ, ಆಟ ಬಿಟ್ಟು ಮಂಕಾಗಿ ಕೂತರೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ, ತಡಮಾಡಬೇಡಿ. ಆರು ತಿಂಗಳಿಂದ ಐದು ವರ್ಷದವರೆಗಿನ ಮಗುವಿನ ರಟ್ಟೆಯ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ತೋರಿಸಲೇಬೇಕು. 11.5ಕ್ಕಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಳೆಗಾಲದಲ್ಲಿ ಇಲ್ಲಿ ಮಕ್ಕಳಿಗೆ ಜ್ವರ, ಭೇದಿ ಬರುತ್ತಲೇ ಇರುತ್ತದೆ. ಆಗ ಊಟಕ್ಕೆ ಒತ್ತಾಯ ಬೇಡ, ಸ್ವಲ್ಪ ಸ್ವಲ್ಪ ಹಲವು ಸಲ ಕೊಡಿ, ನೀರು ತಪ್ಪಿಸಬೇಡಿ. ಭೇದಿಯಾದರೆ ಓಆರ್‌ಎಸ್ ಕೊಡಿ. ಹುಷಾರಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಜಾಸ್ತಿ ಇರಲಿ, ತುಪ್ಪ ಹಾಕಿದ ಖಿಚಡಿಯೋ, ಮೊಸರನ್ನವೋ, ಬಾಳೆಹಣ್ಣು ಹಿಸುಕಿ ಹಾಕಿದ ಗಟ್ಟಿ ರಾಗಿ ಗಂಜಿಯೋ. ಆ ದಿನಗಳಲ್ಲಿ ಎಷ್ಟು ಸಲ ಕೇಳಿದರೂ ಬಡಿಸಿ.